ಆ ತೋಳಿನವರೇ ಶಾಂತಲೆಯನ್ನೂ ಬರೆದರು!

ದಾವಣಗೆರೆಯಲ್ಲಿ ಕಟ್ಟುಮಸ್ತಾದ ಮೈಗೂ ನಾಟಕಕ್ಕೂ ಮೊದಲಿನಿಂದ ಮರ್ಯಾದೆ. ದುಗ್ಗಮ್ಮನ ಜಾತ್ರೆ ಬಂತೆಂದರೆ ಕುಸ್ತಿ ಅಖಾಡದ ಸುತ್ತ ಜನವೋ ಜನ. ಚಿಂದೋಡಿ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿಯ ಹೆಸರೆತ್ತಿದರೆ ಹಿರಿಯರ ಮುಖ ಇವತ್ತಿಗೂ ಅರಳುತ್ತದೆ. ಗರಡಿಯಿಂದ ಬಣ್ಣದ ಲೋಕಕ್ಕೆ ಹೋದವರೂ ನಮಗೆ ಹೊಸಬರಲ್ಲ. ಮೈಸೂರಿನ ಪೈಲ್ವಾನ್ ಎಂ.ಪಿ. ಶಂಕರ್ 1974ರ ‘ಭೂತಯ್ಯನ ಮಗ ಅಯ್ಯು’ ಚಿತ್ರದಲ್ಲಿ ಭೂತಯ್ಯನಾಗಿ ಅಬ್ಬರಿಸಿದ್ದನ್ನು ಯಾರು ಮರೆತಾರು?

ಆದರೆ ಕೆ.ವಿ. ಅಯ್ಯರ್ ಅವರ ಕಥೆ! ಅದು ಬೇರೆಯದೇ ಬೆರಗು.

‘ಶಾಂತಲಾ’ ಕಾದಂಬರಿಯನ್ನು ಒಂದು ಕೈಯಲ್ಲಿ ಹಿಡಿಯಿರಿ. ಇನ್ನೊಂದು ಕೈಯಲ್ಲಿ 1930ರಲ್ಲಿ ಬೆಂಗಳೂರಿನಿಂದ ಹೊರಟ ‘ಮಸಲ್ ಕಲ್ಟ್’ ಎಂಬ ಇಂಗ್ಲಿಷ್ ಪುಸ್ತಕ. ಒಂದರಲ್ಲಿ ಹೊಯ್ಸಳರ ರಾಣಿ, ನಾಟ್ಯ, ಶಿಲ್ಪ, ಕಣ್ಣೀರು. ಇನ್ನೊಂದರ ಕರ್ತೃವೋ, ಗ್ರೀಕ್ ಶಿಲ್ಪದ ಹಾಗೆ ಮೈ ಹುರಿಗಟ್ಟಿಸಿ ಕ್ಯಾಮೆರಾ ಮುಂದೆ ನಿಲ್ಲುತ್ತಿದ್ದ ಆಸಾಮಿ. ತನ್ನ ಮೈ ಕಂಡರೆ ದೇವತೆಗಳಿಗೂ ಆಸೆಯಾದೀತು ಎಂಬರ್ಥದ ಮಾತನ್ನು ಯಾವ ಸಂಕೋಚವೂ ಇಲ್ಲದೆ ಬರೆದುಕೊಂಡವರು! ಒಂದೇ ಹೆಸರಿನ ಇಬ್ಬರಿರಬೇಕು ಅನ್ನಿಸುತ್ತದೆ, ಅಲ್ಲವೇ? ಇಲ್ಲ, ಒಬ್ಬರೇ! ಹೊಯ್ಸಳ ಇಮ್ಮಡಿ ನರಸಿಂಹನ ಕಾಲದಲ್ಲಿ ದಂಡನಾಯಕ ಪೋಲಾಳ್ವ ಹರಿಹರದಲ್ಲಿ ಕಟ್ಟಿಸಿದ ಗುಡಿಯೊಳಗೆ ಅರ್ಧ ಹರ, ಅರ್ಧ ಹರಿಯಾಗಿ ಒಂದೇ ಮೂರ್ತಿ ನಿಂತಿದೆಯಲ್ಲ, ಅಯ್ಯರ್ ಕೂಡ ಹಾಗೆಯೇ. (ಶಾಂತಲೆ ಅದೇ ರಾಜಮನೆತನದವಳು, ಆ ಗುಡಿಗಿಂತ ನೂರು ವರ್ಷ ಹಿಂದಿನವಳು.)

ಕೋಲಾರದ ಕಡೆಯಿಂದ ಬಂದ ಈ ಮನುಷ್ಯ ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ಜಿಮ್ನಾಸಿಯಂ ಕಟ್ಟಿದರು. ಕಟ್ಟಿ ಸುಮ್ಮನಾಗಲಿಲ್ಲ. ಅಂಚೆಯಲ್ಲಿ ಅಂಗಸಾಧನೆ ಕಲಿಸಿದರು! ಪಾಠ ಲಕೋಟೆಯಲ್ಲಿ ಹೋಗುತ್ತಿತ್ತು, ತೋಳು ಎಲ್ಲೋ ದೂರದ ಊರಿನಲ್ಲಿ ಬೆಳೆಯುತ್ತಿತ್ತು. ಅವರ ಚಿತ್ರಗಳು ಇಂಗ್ಲೆಂಡಿನ ದೇಹದಾರ್ಢ್ಯ ಪತ್ರಿಕೆಗಳಲ್ಲಿ ಬಂದವು. ಗುಂಡು, ಡಂಬೆಲ್ಸ್ ಜೊತೆಗೆ ಸೂರ್ಯನಮಸ್ಕಾರ, ಆಸನಗಳನ್ನೂ ಸೇರಿಸಿಕೊಂಡರು. ಯೋಗಪಟು ಸುಂದರಂ ಅವರ ಜೊತೆಗಾರ. ಯೋಗ ಮತ್ತು ಜಿಮ್ ಎರಡೂ ಒಂದೇ ಸೂರಿನಡಿ ಎಂದು ಈಗಿನವರು ಬೋರ್ಡು ಹಾಕಿಕೊಳ್ಳುತ್ತಾರೆ. ಅಯ್ಯರ್ ಅದನ್ನು 90 ವರ್ಷದ ಹಿಂದೆಯೇ ಮಾಡಿ ಮುಗಿಸಿದ್ದರು!

ಪಾರ್ಶ್ವವಾಯುವಿನಿಂದ ಬಳಲುತ್ತಿದ್ದ ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಅಂಗಮರ್ದನ, ವ್ಯಾಯಾಮ ಮಾಡಿಸಿ ಚೇತರಿಕೆ ಕಾಣಿಸಿದವರೂ ಇವರೇ. ಜೆ.ಸಿ. ರಸ್ತೆಯ ವ್ಯಾಯಾಮಶಾಲೆ ಮಹಾರಾಜರ ನೆರವಿನಿಂದ ಎದ್ದ ಕಟ್ಟಡ.

ಇನ್ನು ನಾಟಕ. ಆ ವ್ಯಾಯಾಮಶಾಲೆಗೆ ಬಂದು ಕೂರುತ್ತಿದ್ದವರು ಯಾರು ಗೊತ್ತೇ? ಟಿ.ಪಿ. ಕೈಲಾಸಂ! ಕಬ್ಬಿಣದ ಗುಂಡುಗಳ ಸದ್ದಿನ ನಡುವೆ ಕನ್ನಡ ರಂಗಭೂಮಿಯ ಚಟಾಕಿ ಹಾರುತ್ತಿತ್ತು ಅಂದರೆ ನಂಬಲಿಕ್ಕೇ ಆಗುವುದಿಲ್ಲ. ಅಯ್ಯರ್ ‘ರವಿ ಕಲಾವಿದರು’ ಎಂಬ ತಂಡ ಕಟ್ಟಿದರು, ಕೈಲಾಸಂ ನಾಟಕಗಳನ್ನು ಆಡಿಸಿದರು. ಗೆಳೆಯ 1946ರಲ್ಲಿ ತೀರಿಕೊಂಡ ಎಷ್ಟೋ ಕಾಲದ ಮೇಲೆ ‘ಕೈಲಾಸಂ ಸ್ಮರಣೆ’ ಬರೆದರು.

ದೇಹ ಬೆಳೆಸುವವರಿಗೆ ಕಲೆ ಎಲ್ಲಿಂದ ಎಂದು ಮೂಗು ಮುರಿಯುವವರು ನಮ್ಮಲ್ಲಿ ಬಹಳ. ನನಗಂತೂ ಅಯ್ಯರ್ ದಾರಿ ಬದಲಿಸಿದರು ಅನ್ನಿಸುವುದೇ ಇಲ್ಲ. ಕನ್ನಡಿಯ ಮುಂದೆ ನಿಂತು ಬೆನ್ನಿನ ಒಂದೊಂದು ಸ್ನಾಯುವನ್ನೂ ಬೇರೆ ಬೇರೆಯಾಗಿ ಕುಣಿಸಬಲ್ಲವನು ನೋಡುಗರ ಕಣ್ಣನ್ನು ಎಲ್ಲಿ ನಿಲ್ಲಿಸಬೇಕೆಂದು ಆಗಲೇ ಬಲ್ಲ. ನಟನೆ ಅಲ್ಲಿಂದಲೇ ಶುರು. ‘ರೂಪದರ್ಶಿ’ ಕಾದಂಬರಿಯನ್ನೇ ನೋಡಿ: ಇಟಲಿಯ ಕಲಾವಿದ ಮೈಕೆಲೇಂಜೆಲೊ ಬಾಲಯೇಸುವಿನ ಚಿತ್ರಕ್ಕೆ ಒಂದು ಮುಖ ಹುಡುಕುತ್ತಾನೆ, ವರ್ಷಗಳ ಮೇಲೆ ದ್ರೋಹಿ ಜೂದಾಸನಿಗೆ ಇನ್ನೊಂದು ಮುಖ ಹುಡುಕುತ್ತಾನೆ, ಎರಡೂ ಒಬ್ಬನದೇ! ಬಾಳು ಮನುಷ್ಯನ ಮೈಮುಖದ ಮೇಲೆ ಏನೇನು ಬರೆಯುತ್ತದೆ ಎಂಬುದನ್ನು ಇಷ್ಟು ಹತ್ತಿರದಿಂದ ಕಾಣಲು, ದಿನವೂ ನೂರಾರು ಮೈಗಳನ್ನು ತಿದ್ದಿದ ಉಸ್ತಾದನಿಗಲ್ಲದೆ ಇನ್ನಾರಿಗೆ ಸಾಧ್ಯವಿತ್ತು?

ಅಯ್ಯರ್ 1980ರಲ್ಲಿ ತೀರಿಕೊಂಡರು. ದಾವಣಗೆರೆಯ ಜಿಮ್‌ಗಳ ಗೋಡೆಯ ಮೇಲೆ ಆರ್ನಾಲ್ಡ್ ಷ್ವಾರ್ಜ್‌ನೆಗರ್ ಇರಲಿ, ಬೇಡವೆನ್ನುವುದಿಲ್ಲ. ಪಕ್ಕದಲ್ಲಿ ಕೋಲಾರದ ಈ ಅಯ್ಯರ್‌ಗೂ ಒಂದು ಮೊಳೆ ಹೊಡೆಯಬಾರದೇ?