ಸಂಘದ ಲಾಂಛನ: ಬಿಡಿಸುವ ಕೈ, ಓದುವ ಕಣ್ಣು

ಮುಂಬಯಿ ಮಹಾನಗರ ಹಾಗೂ ಉಪನಗರಗಳಲ್ಲಿ ಕನ್ನಡ ಸಂಘ-ಸಂಸ್ಥೆಗಳಿಗೆ ಕೊರತೆಯಿಲ್ಲ. ಫೋರ್ಟ್, ಮಾಟುಂಗಾದಿಂದ ಹಿಡಿದು ಅತ್ತ ದಹಿಸರ್, ಇತ್ತ ಡೊಂಬಿವಲಿ ತನಕ ಕನ್ನಡಿಗರು ಇದ್ದಲ್ಲೆಲ್ಲ ಒಂದು ಸಂಘ, ಸಂಘಕ್ಕೊಂದು ಲಾಂಛನ. ಲೆಟರ್‌ಹೆಡ್, ರಶೀದಿ ಪುಸ್ತಕ, ರಬ್ಬರ್ ಸ್ಟ್ಯಾಂಪ್, ವೇದಿಕೆಯ ಹಿಂದಿನ ಬ್ಯಾನರ್, ಸನ್ಮಾನದ ಸ್ಮರಣಿಕೆ, ಎಲ್ಲದರಲ್ಲೂ ಅದು ಇರಲೇಬೇಕು. ಆದರೆ ಅದನ್ನು ಯಾರು ಬಿಡಿಸಿದರು, ಮೂಲ ಪ್ರತಿ ಎಲ್ಲಿದೆ ಎಂದು ಕೇಳಿದರೆ ಹೆಚ್ಚಿನ ಪದಾಧಿಕಾರಿಗಳು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ನಾನೂ ಹಾಗೆ ಮುಖ ನೋಡಿದವರಲ್ಲಿ ಒಬ್ಬ. ಆ ಅನುಭವವನ್ನು ಇತರ ಸಂಘಗಳ ಬಂಧುಗಳಿಗೂ ತಿಳಿಸುವ ಉದ್ದೇಶದಿಂದ ಈ ಬರಹ.

2022ರಲ್ಲಿ ನಮ್ಮ ಉಪನಗರದ ಕನ್ನಡ ಸಂಘಕ್ಕೆ ಐವತ್ತು ತುಂಬಿತು. ಸುವರ್ಣ ಮಹೋತ್ಸವಕ್ಕೆ ಹೊಸ ಲಾಂಛನ ಬೇಕೆಂದು ಕಾರ್ಯಕಾರಿ ಸಮಿತಿಯಲ್ಲಿ ತೀರ್ಮಾನವಾಯಿತು. ಬ್ಯಾಂಕಿನಲ್ಲಿ ದಿನವಿಡೀ ಕಂಪ್ಯೂಟರ್ ಮುಂದೆ ಕುಳಿತಿರುವವನು ಎಂಬ ಒಂದೇ ಕಾರಣಕ್ಕೆ ಆ ಜವಾಬ್ದಾರಿ ನನ್ನ ಹೆಗಲಿಗೆ ಬಿತ್ತು. ನನಗೆ ಗೊತ್ತಿರುವುದು ಲೆಕ್ಕದ ಕಂಪ್ಯೂಟರ್, ಚಿತ್ರದ ಕಂಪ್ಯೂಟರ್ ಅಲ್ಲ. ಪುಣ್ಯಕ್ಕೆ ಸದಸ್ಯರೊಬ್ಬರ ಮಗಳು ಅಪ್ಲೈಡ್ ಆರ್ಟ್ ಓದುತ್ತಿದ್ದಳು. ಹುಟ್ಟಿ ಬೆಳೆದದ್ದು ಮುಂಬಯಿಯಲ್ಲೇ. ಮನೆಯಲ್ಲಿ ತುಳು, ಕನ್ನಡ ಎರಡೂ ಮಾತನಾಡುತ್ತಾಳೆ. ಕನ್ನಡ ಓದಲು, ಬರೆಯಲು ಮಾತ್ರ ಬರುತ್ತಿರಲಿಲ್ಲ. ನಮ್ಮ ಮಕ್ಕಳಲ್ಲಿ ಎಷ್ಟೋ ಮಂದಿಯ ಸ್ಥಿತಿ ಇದೇ ಆದ್ದರಿಂದ ನನಗೆ ಅದು ದೊಡ್ಡ ವಿಷಯವೆಂದು ಕಾಣಲಿಲ್ಲ. ತಪ್ಪಿದ್ದು ಅಲ್ಲಿಯೇ.

ಎಲ್ಲರಿಗೂ ಎಲ್ಲವೂ ಬೇಕು

ಮೊದಲ ಸಭೆಯಲ್ಲಿ ಬಂದ ಸಲಹೆಗಳನ್ನು ನಾನು ಬರೆದುಕೊಂಡಿದ್ದೆ. ಕರ್ನಾಟಕದ ನಕ್ಷೆ, ಗಂಡಭೇರುಂಡ, ಭುವನೇಶ್ವರಿ, ಯಕ್ಷಗಾನದ ಕಿರೀಟ, ವೀಣೆ, ದೀಪ, ಪುಸ್ತಕ, ಗೇಟ್‌ವೇ ಆಫ್ ಇಂಡಿಯಾ. ಒಬ್ಬರು ಕರ್ನಾಟಕ ಸರಕಾರದ ಲಾಂಛನವನ್ನೇ ನಡುವೆ ಇಡೋಣ ಎಂದರು. ಇದು ಕೂಡದು. ಸರಕಾರದ ಲಾಂಛನದ ಮೇಲ್ಭಾಗದಲ್ಲಿ ಅಶೋಕನ ಸಿಂಹಗಳಿವೆ. 2005ರ ಕಾಯಿದೆಯ ಪ್ರಕಾರ ರಾಷ್ಟ್ರ ಲಾಂಛನವನ್ನು ಖಾಸಗಿ ಸಂಸ್ಥೆಗಳು ಅನುಮತಿಯಿಲ್ಲದೆ ಬಳಸುವಂತಿಲ್ಲ. ಇಂದಿಗೂ ಕೆಲವು ಆಮಂತ್ರಣ ಪತ್ರಿಕೆಗಳಲ್ಲಿ ಇದನ್ನು ಕಾಣುತ್ತೇವೆ. ಸಂಬಂಧಪಟ್ಟವರು ಗಮನಿಸಬೇಕು.

ಉಳಿದ ಎಲ್ಲವನ್ನೂ ಸೇರಿಸಿ ಹುಡುಗಿ ಒಂದು ಚಿತ್ರ ಮಾಡಿ ತಂದಳು. ಲ್ಯಾಪ್‌ಟಾಪ್ ಪರದೆಯಲ್ಲಿ ಚೆನ್ನಾಗಿಯೇ ಕಂಡಿತು. ಅದನ್ನೇ ಒಂದು ಅಂಗುಲಕ್ಕೆ ಇಳಿಸಿ ಕಪ್ಪು-ಬಿಳುಪಿನಲ್ಲಿ ಪ್ರಿಂಟ್ ತೆಗೆದು ಮೇಜಿನ ಮೇಲಿಟ್ಟಳು. ನಕ್ಷೆಯೂ ಇಲ್ಲ, ವೀಣೆಯೂ ಇಲ್ಲ, ಕಪ್ಪು ಮುದ್ದೆಯೊಂದು ಕೂತಿತ್ತು. ನಮ್ಮ ಕೋಶಾಧಿಕಾರಿಯವರು ಕನ್ನಡಕ ಸರಿಮಾಡಿಕೊಂಡು, “ಇದನ್ನು ರಶೀದಿಗೆ ಒತ್ತಿದರೆ ಶಾಯಿ ಚೆಲ್ಲಿದೆ ಎಂದು ಜನ ವಾಪಸು ಕೊಡುತ್ತಾರೆ ಮಾರಾಯ್ರೆ” ಎಂದರು. ನಾವು ಒಂದು ಗಂಟೆ ಚರ್ಚಿಸಿ ಮುಗಿಯದ್ದು ಆ ಒಂದು ಅಂಗುಲದ ಕಾಗದದಿಂದ ಮುಗಿಯಿತು.

ಪೊವಾಯಿಯಲ್ಲಿ ಹುಟ್ಟಿದ ಚಿಹ್ನೆ

ಲಾಂಛನ ಎಷ್ಟು ಸರಳವಾಗಿರಬೇಕು ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. ನಮ್ಮ ಕಿಸೆಯಲ್ಲಿರುವ ನಾಣ್ಯ ತೆಗೆದು ನೋಡಿದರೆ ಸಾಕು. ರೂಪಾಯಿಗೆ ಒಂದು ಚಿಹ್ನೆ ಬೇಕೆಂದು ಕೇಂದ್ರ ಹಣಕಾಸು ಸಚಿವಾಲಯ 2009ರಲ್ಲಿ ಸ್ಪರ್ಧೆ ಏರ್ಪಡಿಸಿತು. ಮೂರು ಸಾವಿರಕ್ಕೂ ಹೆಚ್ಚು ಪ್ರವೇಶಗಳು ಬಂದವು, ಐದು ಅಂತಿಮ ಸುತ್ತಿಗೆ ಉಳಿದವು. 2010ರ ಜುಲೈ 15ರಂದು ಕೇಂದ್ರ ಸಂಪುಟ ಒಪ್ಪಿದ್ದು ಡಿ. ಉದಯ ಕುಮಾರ್ ಅವರ ವಿನ್ಯಾಸವನ್ನು. ಅವರು ತಮಿಳುನಾಡಿನವರು, ಪೊವಾಯಿಯ ಐಐಟಿ ಬಾಂಬೆಯ ಇಂಡಸ್ಟ್ರಿಯಲ್ ಡಿಸೈನ್ ಸೆಂಟರಿನಲ್ಲಿ ಪಿಎಚ್‌ಡಿ ಮಾಡಿದವರು. ದೇವನಾಗರಿಯ ‘ರ’ ಮತ್ತು ರೋಮನ್‌ನ ‘ಆರ್’ ಎರಡೂ ಒಂದರಲ್ಲೇ ಕಾಣುವ ಹಾಗೆ, ಮೇಲೆ ಎರಡು ಅಡ್ಡಗೆರೆ. ಅಷ್ಟೇ. ನಕ್ಷೆಯಿಲ್ಲ, ಕಮಲವಿಲ್ಲ, ನವಿಲಿಲ್ಲ. ಪೆನ್ಸಿಲಿನಲ್ಲಿ ಮಗು ಕೂಡ ಬರೆಯಬಹುದು.

ಬ್ಯಾಂಕಿನವರಿಗೆ ಇನ್ನೊಂದು ನೆನಪೂ ಇರಬಹುದು. ಹೊಸ ಚಿಹ್ನೆ ಬಂದ ಆರಂಭದಲ್ಲಿ ಹಳೆಯ ಕಂಪ್ಯೂಟರುಗಳ ಫಾಂಟಿನಲ್ಲಿ ಅದು ಇರಲಿಲ್ಲ. ಒಂದು ಯಂತ್ರದಲ್ಲಿ ಸರಿಯಾಗಿ ಕಂಡದ್ದು ಇನ್ನೊಂದರಲ್ಲಿ ಖಾಲಿ ಚೌಕವಾಗಿ ಬರುತ್ತಿತ್ತು. ಬಿಡಿಸುವವನ ಕೆಲಸ ಮುಗಿದರೂ ಅದನ್ನು ತೆರೆಯುವ ಯಂತ್ರದ ಕೆಲಸ ಉಳಿದಿರುತ್ತದೆ ಎಂಬ ಪಾಠ ನನಗೆ ಅಂದೇ ಸಿಕ್ಕಿತ್ತು. ಹನ್ನೆರಡು ವರ್ಷ ಕಳೆದು ಬೇಕಾದಾಗ ಅದು ನೆನಪಿಗೆ ಬರಲಿಲ್ಲ.

ನಮ್ಮ ಕರಾವಳಿಯ ಬ್ಯಾಂಕುಗಳ ಲಾಂಛನಗಳನ್ನೂ ಇಲ್ಲಿ ಸ್ಮರಿಸಬಹುದು. 1925ರಲ್ಲಿ ಉಡುಪಿಯಲ್ಲಿ ಆರಂಭವಾದ ಸಿಂಡಿಕೇಟ್ ಬ್ಯಾಂಕಿನ ಲಾಂಛನದಲ್ಲಿದ್ದ ನಾಯಿಯನ್ನು ಕಂಡ ಕೂಡಲೇ ಊರಿನವರಿಗೆ ಬ್ಯಾಂಕಿನ ಹೆಸರು ಓದಬೇಕಾಗಿರಲಿಲ್ಲ. 2020ರ ಏಪ್ರಿಲ್ 1ರಂದು ಆ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು, ಬೋರ್ಡಿನಿಂದ ನಾಯಿಯೂ ಹೋಯಿತು. ಆದರೂ ಹಳೆಯ ಪಾಸ್‌ಬುಕ್ ಜೋಪಾನ ಮಾಡಿದವರನ್ನು ನಾನು ಬಲ್ಲೆ.

ರಂಗೋಲಿಯ ಲೆಕ್ಕ

ಎರಡನೆಯ ಸಲ ಹುಡುಗಿ ಮೂರೇ ಮಾದರಿ ತಂದಳು, ಮೂರೂ ಕಪ್ಪು-ಬಿಳುಪಿನಲ್ಲಿ. “ಅಂಕಲ್, ಬಣ್ಣ ಹಾಕಿದರೆ ಎಲ್ಲರೂ ಬಣ್ಣದ ಬಗ್ಗೆಯೇ ಮಾತಾಡ್ತಾರೆ, ಆಕಾರ ನೋಡುವುದಿಲ್ಲ” ಎಂದಳು. ಪ್ರತಿಯೊಂದು ಮಾದರಿಯನ್ನೂ ಲೆಟರ್‌ಹೆಡ್ಡಿನಲ್ಲಿ, ರಶೀದಿಯಲ್ಲಿ, ಬ್ಯಾನರಿನಲ್ಲಿ, ವಾಟ್ಸಾಪಿನ ಸಣ್ಣ ವೃತ್ತದಲ್ಲಿ ಹೇಗೆ ಕಾಣುತ್ತದೆ ಎಂದು ಜೋಡಿಸಿ ತೋರಿಸಿದಳು. ಸಮಿತಿಯ ಮುಂದೆ ಲಾಂಛನ ಮಂಡಿಸುವ ಸರಿಯಾದ ಕ್ರಮ ಇದು ಎಂದು ಈಗ ನನಗೆ ಖಾತ್ರಿಯಾಗಿದೆ. ಬರೀ ಚಿತ್ರ ತೋರಿಸಿದರೆ ಚಂದ ಇದೆ, ಚಂದ ಇಲ್ಲ ಎಂಬ ಚರ್ಚೆ ನಡೆಯುತ್ತದೆ. ಬಳಸುವ ಜಾಗದಲ್ಲಿ ಇಟ್ಟು ತೋರಿಸಿದರೆ ಕೆಲಸಕ್ಕೆ ಬರುತ್ತದೆಯೇ ಎಂಬ ಚರ್ಚೆ ನಡೆಯುತ್ತದೆ.

ಆಯ್ಕೆಯಾದದ್ದು ‘ಕ’ ಅಕ್ಷರ. ಅದರ ನಡುವಿನ ಅಡ್ಡಗೆರೆಯನ್ನು ಅಲೆಯ ಹಾಗೆ ಎರಡೂ ಕಡೆ ಎಳೆದಿದ್ದಳು. ಊರಿನ ಕಡಲೂ ಇಲ್ಲಿಯ ಕಡಲೂ ಒಂದೇ ಅರಬ್ಬೀ ಸಮುದ್ರ ಎಂಬ ಕಲ್ಪನೆ. ಹುಬ್ಬಳ್ಳಿ ಕಡೆಯ ನಮ್ಮ ಹಿರಿಯ ಸದಸ್ಯರೊಬ್ಬರು, “ನಮ್ಮೂರಾಗ ಸಮುದ್ರ ಎಲ್ಲೈತ್ರಿ?” ಎಂದು ಕೇಳಿ ಎಲ್ಲರನ್ನೂ ನಗಿಸಿದರು. ಕೊನೆಗೆ ಅವರೇ, “ಇಲ್ಲಿಗೆ ಬಂದು ನಲವತ್ತು ವರ್ಷ ಆತು, ಇರ್ಲಿ ಬಿಡ್ರಿ” ಎಂದು ಒಪ್ಪಿದರು.

ಈ ಕೆಲಸದ ಸಾಫ್ಟ್‌ವೇರ್ ಬಗ್ಗೆಯೂ ಎರಡು ಮಾತು ಹೇಳಬೇಕು. ನಮ್ಮ ಪ್ರೆಸ್ಸುಗಳಲ್ಲಿ ಹೆಚ್ಚಾಗಿ ಕಾಣುವುದು ಕೋರೆಲ್‌ಡ್ರಾ. ಜಾಹೀರಾತು ಕಂಪೆನಿಗಳಲ್ಲಿ ಇಲ್ಲಸ್ಟ್ರೇಟರ್. ಹಣ ಕೊಡದೆ ಸಿಗುವ ಇಂಕ್‌ಸ್ಕೇಪ್ ಕೂಡ ಇದೆ. ಇವು ವೆಕ್ಟರ್ ಚಿತ್ರ ಬಿಡಿಸುವ ಸಾಧನಗಳು. ಫೋಟೋಶಾಪ್ ಮುಖ್ಯವಾಗಿ ಫೋಟೋ ತಿದ್ದುವ ಸಾಧನ. ವ್ಯತ್ಯಾಸ ನಮ್ಮ ರಂಗೋಲಿಯಂತೆ. ಹಾಕಿ ಮುಗಿಸಿದ ರಂಗೋಲಿಯ ಫೋಟೋ ತೆಗೆದು ಹಿಗ್ಗಿಸಿದರೆ ಪುಡಿಯ ಕಾಳುಗಳು ಕಾಣುತ್ತವೆ, ಅಂಚು ಒಡೆಯುತ್ತದೆ. ಜೆಪಿಜಿ ಚಿತ್ರ ಹಾಗೆ. ಇಷ್ಟು ಚುಕ್ಕಿ, ಈ ಚುಕ್ಕಿಯಿಂದ ಆ ಚುಕ್ಕಿಗೆ ಗೆರೆ ಎಂಬ ಲೆಕ್ಕ ಕೈಯಲ್ಲಿದ್ದರೆ ಅದೇ ರಂಗೋಲಿಯನ್ನು ಅಂಗೈಯಷ್ಟೂ ಹಾಕಬಹುದು, ಅಂಗಳದಷ್ಟೂ ಹಾಕಬಹುದು. ವೆಕ್ಟರ್ ಎಂದರೆ ಆ ಲೆಕ್ಕ. ಸಂಘದ ಬಳಿ ಬರೀ ವಾಟ್ಸಾಪಿನಲ್ಲಿ ಬಂದ ಜೆಪಿಜಿ ಇದ್ದರೆ ಲಾಂಛನ ಇದೆ ಎಂದು ತಿಳಿಯಬೇಡಿ. ಇರುವುದು ಅದರ ಫೋಟೋ ಮಾತ್ರ.

ಬಣ್ಣದಲ್ಲೂ ಎಚ್ಚರ ಬೇಕು. ಪರದೆಯ ಬಣ್ಣ ಬೆಳಕಿನದು, ಕಾಗದದ ಬಣ್ಣ ಶಾಯಿಯದು. ಪ್ರೆಸ್ಸಿನಲ್ಲಿ ಸಯಾನ್, ಮಜೆಂಟಾ, ಹಳದಿ, ಕಪ್ಪು ಎಂಬ ನಾಲ್ಕು ಶಾಯಿಗಳಿಂದಲೇ ಎಲ್ಲ ಆಗಬೇಕು. ನಮ್ಮ ಹಳದಿ-ಕೆಂಪಿನಲ್ಲಿ ಹಳದಿ ಮೊಬೈಲಿನಲ್ಲಿ ಹೊಳೆಯುತ್ತದೆ, ಬಿಳಿ ಕಾಗದದಲ್ಲಿ ಮಂಕಾಗುತ್ತದೆ, ಝೆರಾಕ್ಸಿನಲ್ಲಿ ಮಾಯವೇ ಆಗುತ್ತದೆ. ಆದ್ದರಿಂದ ಅಕ್ಷರಗಳಿಗೆ ಹಳದಿ ಬೇಡ.

ಒಡೆದ ಒತ್ತಕ್ಷರ

ಇಷ್ಟೆಲ್ಲ ಜಾಗ್ರತೆ ಮಾಡಿಯೂ ಎಡವಿದೆವು. ಲಾಂಛನದ ಕೆಳಗೆ ‘ಸುವರ್ಣ ಮಹೋತ್ಸವ’ ಎಂದು ಎರಡು ಪದ ಇತ್ತು. ಹುಡುಗಿ ಮೊಬೈಲಿಗೆ ಕಳುಹಿಸಿದ ಚಿತ್ರ ನೋಡಿ ನಾನು ಸರಿ ಇದೆ ಎಂದೆ. ಮೂಲ ಫೈಲು ಪ್ರೆಸ್ಸಿಗೆ ಹೋಯಿತು. ಪ್ರೂಫ್ ನೋಡಲು ಕರೆದಾಗ ಬ್ಯಾಂಕಿನಲ್ಲಿ ಕ್ಲೋಸಿಂಗ್ ಗಡಿಬಿಡಿ. “ಆಯಿತು, ಒತ್ತಿ ಬಿಡಿ” ಎಂದು ಫೋನಿನಲ್ಲೇ ಹೇಳಿದೆ. ಐನೂರು ಆಮಂತ್ರಣ ಪತ್ರಿಕೆ ಬಂತು.

ಸಂಜೆ ಒಂದು ಪ್ರತಿಯನ್ನು ನಮ್ಮ ಸ್ಥಾಪಕ ಸದಸ್ಯರಲ್ಲಿ ಒಬ್ಬರಿಗೆ ಕೊಡಲು ಹೋದೆ. ಹಗಲು ಹೊಟೇಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಕನ್ನಡ ಓದಿದವರು. ಎಂಬತ್ತು ದಾಟಿದ ಅವರು ಕಾಗದವನ್ನು ದೀಪದ ಹತ್ತಿರ ಹಿಡಿದು ತುಂಬ ಹೊತ್ತು ನೋಡಿದರು. ‘ಸುವರ್ಣ’ದ ಅರ್ಕಾವೊತ್ತು ಇರಲಿಲ್ಲ, ‘ರ್’ ಬೇರೆ ‘ಣ’ ಬೇರೆಯಾಗಿ ನಿಂತಿದ್ದವು. ‘ಮಹೋತ್ಸವ’ದ ‘ತ್ಸ’ವೂ ಹಾಗೆಯೇ ಬಿಡಿಬಿಡಿ. “ಐವತ್ತು ವರ್ಷ ಕನ್ನಡ ಉಳಿಸಿದೆವೆಂದು ಹೇಳುವ ಕಾಗದದಲ್ಲೇ ಕನ್ನಡ ಒಡೆದಿದೆಯಲ್ಲ” ಎಂದು ಅವರು ಮೆಲ್ಲನೆ ಹೇಳಿದರು. ಬೈದಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ.

ಕಾರಣ ಸರಳ. ಮೊಬೈಲಿಗೆ ಬಂದದ್ದು ಚಿತ್ರ, ಅದರಲ್ಲಿ ಅಕ್ಷರ ಒಡೆಯುವುದಿಲ್ಲ. ಪ್ರೆಸ್ಸಿನಲ್ಲಿದ್ದದ್ದು ಸಾಫ್ಟ್‌ವೇರಿನ ಹಳೆಯ ಆವೃತ್ತಿ. ಕನ್ನಡದಲ್ಲಿ ಅಕ್ಷರದ ಕೆಳಗೆ ಅಕ್ಷರ ಕೂಡಿಸುವ ವಿದ್ಯೆ ಹಳೆಯ ಆವೃತ್ತಿಗಳಿಗೆ ತಿಳಿದಿಲ್ಲ. ಫೈಲು ಕಳುಹಿಸುವ ಮೊದಲು ಅಕ್ಷರಗಳನ್ನು ಗೆರೆಗಳಾಗಿ ಪರಿವರ್ತಿಸಿದ್ದರೆ ಈ ತೊಂದರೆ ಇರಲಿಲ್ಲ. ಕೋರೆಲ್‌ಡ್ರಾದಲ್ಲಿ ಇದಕ್ಕೆ ‘ಕನ್ವರ್ಟ್ ಟು ಕರ್ವ್ಸ್’ ಎನ್ನುತ್ತಾರೆ, ಕಂಟ್ರೋಲ್ ಜತೆ ಕ್ಯೂ ಒತ್ತಿದರೆ ಆಯಿತು. ಇಲ್ಲಸ್ಟ್ರೇಟರಿನಲ್ಲಿ ‘ಕ್ರಿಯೇಟ್ ಔಟ್‌ಲೈನ್ಸ್’. ಆಮೇಲೆ ಅದು ಅಕ್ಷರವಲ್ಲ, ಆಕಾರ; ಯಾವ ಯಂತ್ರದಲ್ಲೂ ಒಡೆಯದು. ನುಡಿ, ಶ್ರೀಲಿಪಿಯಂತಹ ಹಳೆಯ ಫಾಂಟುಗಳಲ್ಲಿ ಮಾಡಿದ ಕೆಲಸಕ್ಕೂ ಇದೇ ಮದ್ದು. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಕನ್ನಡದ ಜಾಗಕ್ಕೆ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳು ಬರುತ್ತವೆ.

ಆದರೆ ನಿಜವಾದ ಕಾರಣ ಯಂತ್ರವಲ್ಲ. ಬಿಡಿಸಿದವಳಿಗೆ ಓದಲು ಬರುತ್ತಿರಲಿಲ್ಲ. ಒತ್ತಿದ ಮರಾಠಿ ಕೆಲಸಗಾರನಿಗೂ ಬರುತ್ತಿರಲಿಲ್ಲ. ಓದಲು ಬರುತ್ತಿದ್ದ ನಾನು ನೋಡಲಿಲ್ಲ. ಐನೂರು ಕಾಗದವನ್ನೂ ನನ್ನ ಖರ್ಚಿನಲ್ಲಿ ಮತ್ತೆ ಒತ್ತಿಸಿದೆ.

ಕನ್ನಡ ಮಾತೃಭಾಷೆಯಲ್ಲದವರು ಕನ್ನಡಾಕ್ಷರದ ಕೆಲಸ ಮಾಡಬಾರದೆಂದು ಯಾರೂ ತಿಳಿಯಬಾರದು. ವಿಂಡೋಸ್ ಕಂಪ್ಯೂಟರುಗಳಲ್ಲಿ ಬಂದ ‘ತುಂಗಾ’ ಎಂಬ ಕನ್ನಡ ಫಾಂಟಿನ ಹಿಂದಿದ್ದವರು ಮುಂಬಯಿಯ ಪ್ರೊ. ಆರ್. ಕೆ. ಜೋಶಿ. ಪೊವಾಯಿಯ ಅದೇ ಡಿಸೈನ್ ಸೆಂಟರಿನಲ್ಲಿ ಪಾಠ ಮಾಡಿದವರು, 2008ರಲ್ಲಿ ತೀರಿಕೊಂಡ ಮರಾಠಿ ಅಕ್ಷರ ಕಲಾವಿದರು. ಅಕ್ಷರದ ಬಗ್ಗೆ ಶ್ರದ್ಧೆ ಇದ್ದರೆ ಭಾಷೆ ಅಡ್ಡಿಯಾಗದು. ನಮ್ಮಲ್ಲಿ ಕಡಿಮೆಯಾದದ್ದು ಆ ಶ್ರದ್ಧೆ.

ಸಂಘಗಳಿಗೆ ಒಂದು ವಿನಂತಿ

ಲಾಂಛನ ಮಾಡಿಸುವಾಗ ಮೂಲ ವೆಕ್ಟರ್ ಫೈಲು, ಗೆರೆಗಳಾಗಿ ಪರಿವರ್ತಿಸಿದ ಪ್ರತಿ, ಕಪ್ಪು-ಬಿಳುಪಿನ ಪ್ರತಿ, ಪಿಡಿಎಫ್, ಇವಿಷ್ಟನ್ನೂ ಕೇಳಿ ಪಡೆಯಿರಿ. ಒಬ್ಬರ ಮೊಬೈಲಿನಲ್ಲಿ ಅಲ್ಲ, ಸಂಘದ ದಫ್ತರದಲ್ಲಿ ಮಿನಿಟ್ಸ್ ಪುಸ್ತಕದ ಜತೆ ಇಡಿ. ಕಾರ್ಯದರ್ಶಿ ಬದಲಾದಾಗ ಹಸ್ತಾಂತರಿಸಿ. ಬಿಡಿಸಿದವರಿಂದ ಹಕ್ಕನ್ನು ಸಂಘದ ಹೆಸರಿಗೆ ಕಾಗದದಲ್ಲಿ ಬರೆಸಿಕೊಳ್ಳಿ. 1957ರ ಕಾಪಿರೈಟ್ ಕಾಯಿದೆಯಂತೆ ಹಕ್ಕಿನ ವರ್ಗಾವಣೆ ಬರಹದಲ್ಲಿ ಇರಬೇಕು, ಬಾಯಿಮಾತು ಸಾಲದು. ಉಚಿತವಾಗಿ ಮಾಡಿಕೊಟ್ಟ ನಮ್ಮದೇ ಮಕ್ಕಳಿದ್ದರೂ ಅವರ ಹೆಸರನ್ನು ಸ್ಮರಣ ಸಂಚಿಕೆಯಲ್ಲಿ ಹಾಕಿ, ವೇದಿಕೆಗೆ ಕರೆದು ಒಂದು ಹೂವು ಕೊಡಿ.

ಎಲ್ಲಕ್ಕಿಂತ ಮುಖ್ಯವಾಗಿ, ಬಿಡಿಸುವ ಮಗುವಿನ ಪಕ್ಕದಲ್ಲಿ ಓದಬಲ್ಲ ಹಿರಿಯರೊಬ್ಬರು ಕುರ್ಚಿ ಹಾಕಿ ಕೂತುಕೊಳ್ಳಲಿ. ನಮ್ಮ ಸಂಘದಲ್ಲಿ ಈಗ ಹಾಗೆ ನಡೆಯುತ್ತಿದೆ. ಆ ಹುಡುಗಿ ಭಾನುವಾರಗಳಲ್ಲಿ ಅದೇ ಸ್ಥಾಪಕ ಸದಸ್ಯರ ಮನೆಗೆ ಹೋಗಿ ಅಕ್ಷರ ಕಲಿತಳು. ಅರ್ಕಾವೊತ್ತು ಬಂದ ದಿನ, “ಬಾಯಿಯಲ್ಲಿ ಮೊದಲು ಹೇಳುವುದನ್ನು ಆಮೇಲೆ ಬರೆಯುವುದಾ ಅಜ್ಜ?” ಎಂದು ಕೇಳಿದಳಂತೆ. ಕಳೆದ ರಾಜ್ಯೋತ್ಸವದ ಬ್ಯಾನರಿನ ಪ್ರೂಫ್ ನೋಡಲು ಪ್ರೆಸ್ಸಿಗೆ ನಾವಿಬ್ಬರೂ ಹೋಗಿದ್ದೆವು. ಒಂದು ದೀರ್ಘ ಬಿಟ್ಟುಹೋದದ್ದನ್ನು ನನಗಿಂತ ಮೊದಲು ಅವಳು ತೋರಿಸಿದಳು.