ಸಂಘದ ವೆಬ್‌ಸೈಟ್‌ಗೆ ಈವೆಂಟ್ ಕ್ಯಾಲೆಂಡರ್ ಪ್ಲಗಿನ್ ಹಾಕುತ್ತೀರಾ? ಮೊದಲು ಇವಿಷ್ಟು ತಿಳಿದಿರಲಿ

ನವೆಂಬರ್ ಬಂತೆಂದರೆ ಮುಂಬೈ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಯ ಕನ್ನಡ ಸಂಘಗಳಲ್ಲಿ ಕಾರ್ಯಕ್ರಮಗಳ ಸಾಲು. ರಾಜ್ಯೋತ್ಸವ, ನಾಟಕ, ಮಕ್ಕಳ ಕನ್ನಡ ತರಗತಿ, ಗಾಯನ ಸ್ಪರ್ಧೆ ಹೀಗೆ ಒಂದರ ಹಿಂದೆ ಒಂದು. ಯಾವುದು ಎಲ್ಲಿ, ಎಷ್ಟು ಗಂಟೆಗೆ ಎಂದು ತಿಳಿಸಲು ವಾಟ್ಸ್‌ಆ್ಯಪ್ ಗ್ರೂಪ್ ಸಾಲುವುದಿಲ್ಲ. ಶುಭಾಶಯಗಳ ರಾಶಿಯಲ್ಲಿ ಮುಖ್ಯ ಮೆಸೇಜ್ ಕಳೆದುಹೋಗುತ್ತದೆ. ಆಗ ಸಂಘದ ವೆಬ್‌ಸೈಟ್‌ನಲ್ಲೇ ಒಂದು ಕ್ಯಾಲೆಂಡರ್ ಇರಲಿ ಎಂಬ ಮಾತು ಬರುತ್ತದೆ. ಕಂಪ್ಯೂಟರ್ ಬಲ್ಲ ಒಬ್ಬ ಸದಸ್ಯರ ಹೆಗಲಿಗೆ ಆ ಕೆಲಸ ಬೀಳುತ್ತದೆ.

ಅವರು ಹುಡುಕಿ ಒಂದು ಉಚಿತ ಪ್ಲಗಿನ್ ಇನ್‌ಸ್ಟಾಲ್ ಮಾಡುತ್ತಾರೆ. ಅಲ್ಲಿಂದ ತಾಪತ್ರಯ ಶುರು. ಸಂಜೆ 6ರ ಕಾರ್ಯಕ್ರಮ ಮಧ್ಯಾಹ್ನ 12.30ಕ್ಕೆ ಎಂದು ಕಾಣಿಸುತ್ತದೆ. ಮೊಬೈಲ್‌ನಲ್ಲಿ ಪುಟ ಚೆಲ್ಲಾಪಿಲ್ಲಿಯಾಗುತ್ತದೆ. ಕೆಲವೊಮ್ಮೆ ಇಡೀ ಸೈಟ್ ಬಿಳಿ ಪರದೆಯಾಗಿ ನಿಂತುಬಿಡುತ್ತದೆ. ತಪ್ಪು ಯಾರದ್ದು? ಬಹಳಷ್ಟು ಸಲ ಇನ್‌ಸ್ಟಾಲ್ ಮಾಡಿದವರದ್ದಲ್ಲ, ಪ್ಲಗಿನ್‌ನದ್ದೇ.

ಪ್ಲಗಿನ್ ಎಂದರೇನು?

ಜಗತ್ತಿನ ಶೇ 40ಕ್ಕೂ ಹೆಚ್ಚು ವೆಬ್‌ಸೈಟ್‌ಗಳು ನಡೆಯುವುದು ವರ್ಡ್‌ಪ್ರೆಸ್ ತಂತ್ರಾಂಶದ ಮೇಲೆ. 2003ರಲ್ಲಿ ಆರಂಭವಾದ ಇದು ಉಚಿತ. ಇದಕ್ಕೆ ಹೆಚ್ಚುವರಿ ಸೌಲಭ್ಯ ಜೋಡಿಸುವ ಪುಟ್ಟ ತಂತ್ರಾಂಶವೇ ಪ್ಲಗಿನ್. ವರ್ಡ್‌ಪ್ರೆಸ್‌ನ ಅಧಿಕೃತ ಪಟ್ಟಿಯಲ್ಲಿ ಇಂಥವು ಹತ್ತಾರು ಸಾವಿರ ಇವೆ. ದೊಡ್ಡ ಕಂಪನಿಗಳು ಮಾಡಿದವೂ ಇವೆ, ಬಿಡುವಿನ ವೇಳೆಯಲ್ಲಿ ಒಬ್ಬರೇ ಬರೆದು ಆಮೇಲೆ ಕೈಬಿಟ್ಟವೂ ಇವೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ರೀತಿ. 'ಈಗಲೇ ಇನ್‌ಸ್ಟಾಲ್ ಮಾಡಿ' ಎಂಬ ಬಟನ್ ಎರಡಕ್ಕೂ ಇರುತ್ತದೆ.

ಸಮಯ ತಪ್ಪಾಗುವುದು ಏಕೆ?

ಕ್ಯಾಲೆಂಡರ್ ಎಂದರೆ ಬರೀ ಮೂವತ್ತು ಚೌಕಗಳಲ್ಲವೇ ಎನಿಸಬಹುದು. ಆದರೆ ತಂತ್ರಾಂಶ ಬರೆಯುವವರಿಗೆ ದಿನಾಂಕ ಮತ್ತು ಸಮಯ ದೊಡ್ಡ ತಲೆನೋವು. ಭಾರತದ ಸಮಯ ಜಾಗತಿಕ ಪ್ರಮಾಣ ಸಮಯವಾದ ಯುಟಿಸಿಗಿಂತ ಐದೂವರೆ ಗಂಟೆ ಮುಂದಿದೆ. ವರ್ಡ್‌ಪ್ರೆಸ್‌ನ ಸಾಮಾನ್ಯ ಸೆಟ್ಟಿಂಗ್ಸ್‌ನಲ್ಲಿ 'ಕೋಲ್ಕತಾ' ಎಂದು ಆಯ್ಕೆ ಮಾಡಿದರೆ ಸೈಟ್ ನಮ್ಮ ಸಮಯಕ್ಕೆ ಬರುತ್ತದೆ. ಒಳ್ಳೆಯ ಪ್ಲಗಿನ್ ಈ ಸೆಟ್ಟಿಂಗ್ ಓದಿಕೊಳ್ಳುತ್ತದೆ. ಕಳಪೆ ಪ್ಲಗಿನ್ ಓದುವುದಿಲ್ಲ. ಆಗ ಸಂಜೆ 6 ಗಂಟೆ ಮಧ್ಯಾಹ್ನ 12.30 ಆಗಬಹುದು, ಇಲ್ಲವೇ ರಾತ್ರಿ 11.30 ಆಗಬಹುದು. ಐದೂವರೆ ಗಂಟೆಯ ವ್ಯತ್ಯಾಸ ಕಂಡರೆ ಕಾರಣ ಇದೇ ಎಂದು ತಿಳಿಯಬಹುದು.

ಆನ್‌ಲೈನ್ ಕಾರ್ಯಕ್ರಮವಾದರೆ ಇನ್ನೊಂದು ತೊಡಕು. ಅಮೆರಿಕದ ಬಹುತೇಕ ಕಡೆ ನವೆಂಬರ್‌ನ ಮೊದಲ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ಇಡುತ್ತಾರೆ. ಅದು ರಾಜ್ಯೋತ್ಸವದ ಸಮಯವೇ. ಭಾರತದ ಸಂಜೆ 6 ಗಂಟೆ ನ್ಯೂಯಾರ್ಕ್‌ನಲ್ಲಿ ಅದಕ್ಕೂ ಮೊದಲು ಬೆಳಗ್ಗೆ 8.30 ಆಗಿದ್ದರೆ, ಬಳಿಕ 7.30. ಈ ಲೆಕ್ಕ ಅರಿಯದ ಪ್ಲಗಿನ್ ನಂಬಿದರೆ ಅಲ್ಲಿರುವ ಮಗಳು ಕಾರ್ಯಕ್ರಮ ಮುಗಿದ ಮೇಲೆ ಲಿಂಕ್ ಒತ್ತಬೇಕಾಗುತ್ತದೆ.

ಪ್ರತಿ ಭಾನುವಾರದ ತರಗತಿ

ಪುನರಾವರ್ತನೆಯಾಗುವ ಕಾರ್ಯಕ್ರಮಗಳು ಮತ್ತೊಂದು ಪರೀಕ್ಷೆ. 'ಪ್ರತಿ ಭಾನುವಾರ ಬೆಳಗ್ಗೆ 10ಕ್ಕೆ' ಎಂಬುದನ್ನು ಒಂದೇ ನಿಯಮವಾಗಿ ಬರೆಯುವ ವಿಧಾನ ಐಕ್ಯಾಲೆಂಡರ್ ಎಂಬ ಮಾನದಂಡದಲ್ಲಿದೆ. 1998ರಲ್ಲಿ ಬಂದು 2009ರಲ್ಲಿ ಪರಿಷ್ಕೃತವಾದ ಈ ಮಾನದಂಡವನ್ನು ಗೂಗಲ್ ಕ್ಯಾಲೆಂಡರ್ ಸೇರಿದಂತೆ ಪ್ರಮುಖ ಕ್ಯಾಲೆಂಡರ್‌ಗಳೆಲ್ಲ ಅರ್ಥಮಾಡಿಕೊಳ್ಳುತ್ತವೆ. ಇದನ್ನು ಪಾಲಿಸದ ಪ್ಲಗಿನ್‌ಗಳು ಪ್ರತಿ ತರಗತಿಗೂ ಪ್ರತ್ಯೇಕ ಪುಟ ಸೃಷ್ಟಿಸುತ್ತವೆ. ವರ್ಷಕ್ಕೆ 52 ಪುಟ. ಟೀಚರ್ ಬದಲಾದರೆ 52 ಕಡೆ ತಿದ್ದಬೇಕು.

ನಮ್ಮ ಹಬ್ಬಗಳದ್ದು ಬೇರೆಯೇ ಲೆಕ್ಕ. ರಾಜ್ಯೋತ್ಸವ ನವೆಂಬರ್ 1ರಂದೇ ಬರುತ್ತದೆ. ಆದರೆ ಚಾಂದ್ರಮಾನ ಯುಗಾದಿ 2025ರಲ್ಲಿ ಮಾರ್ಚ್ 30ರಂದು ಬಂದರೆ 2026ರಲ್ಲಿ ಮಾರ್ಚ್ 19ರಂದು. 'ಪ್ರತಿ ವರ್ಷ' ಎಂದು ಟಿಕ್ ಮಾಡಿದರೆ ಪ್ಲಗಿನ್ ಇಂಗ್ಲಿಷ್ ದಿನಾಂಕವನ್ನಷ್ಟೇ ಹಿಡಿದುಕೊಳ್ಳುತ್ತದೆ. ಯುಗಾದಿ, ಗಣೇಶ ಹಬ್ಬದ ದಿನಾಂಕಗಳನ್ನು ಪ್ರತಿ ವರ್ಷ ಕೈಯಾರೆ ಹಾಕುವುದೇ ಸರಿ.

ಕನ್ನಡ ಶೀರ್ಷಿಕೆ ಕೊಟ್ಟರೆ ಲಿಂಕ್ ತುಂಡು

ಕನ್ನಡದಲ್ಲಿ ಶೀರ್ಷಿಕೆ ಕೊಟ್ಟರೆ ವರ್ಡ್‌ಪ್ರೆಸ್ ಅದರಿಂದಲೇ ಪುಟದ ವಿಳಾಸ ತಯಾರಿಸುತ್ತದೆ. ಅದಕ್ಕಿರುವ ಮಿತಿ 200 ಅಕ್ಷರ. ಕನ್ನಡದ ಒಂದೊಂದು ಚಿಹ್ನೆ, ಅಂದರೆ ಅಕ್ಷರ, ಒತ್ತಿನ ಗುರುತು, ಸ್ವರಚಿಹ್ನೆ, ಈ ವಿಳಾಸದಲ್ಲಿ 9 ಅಕ್ಷರಗಳಷ್ಟು ಜಾಗ ತಿನ್ನುತ್ತದೆ. ಹೀಗಾಗಿ ಸುಮಾರು 22 ಚಿಹ್ನೆಗಳಿಗೆ ಜಾಗ ಮುಗಿಯುತ್ತದೆ. 'ಕನ್ನಡ ರಾಜ್ಯೋತ್ಸವ ಸಾಂಸ್ಕೃತಿಕ ಸಂಜೆ' ಎಂಬ ಶೀರ್ಷಿಕೆಯ ವಿಳಾಸ ಮೂರನೇ ಪದದ ನಡುವೆಯೇ ಕತ್ತರಿಸಿಹೋಗುತ್ತದೆ. ವಾಟ್ಸ್‌ಆ್ಯಪ್‌ಗೆ ಹಾಕಿದರೆ ಶೇಕಡಾ ಚಿಹ್ನೆಗಳ ಉದ್ದದ ಸಾಲು ಕಾಣಬಹುದು. ಪರಿಹಾರ ಸುಲಭ. ಶೀರ್ಷಿಕೆ ಕನ್ನಡದಲ್ಲೇ ಇರಲಿ, ವಿಳಾಸವನ್ನು ಮಾತ್ರ ಚಿಕ್ಕದಾಗಿ ಇಂಗ್ಲಿಷ್ ಅಕ್ಷರಗಳಲ್ಲಿ ಬದಲಿಸಿ.

ಸೈಟ್ ಬಿಳಿಯಾಗಿ ನಿಂತರೆ?

ಹಳೆಯ ಪ್ಲಗಿನ್, ಹೊಸ ಸರ್ವರ್ ಸೇರಿದಾಗ ಹೀಗಾಗುವುದುಂಟು. ವರ್ಡ್‌ಪ್ರೆಸ್ ನಡೆಯುವುದು ಪಿಎಚ್‌ಪಿ ಭಾಷೆಯಲ್ಲಿ. 2020ರ ನವೆಂಬರ್‌ನಲ್ಲಿ ಬಂದ ಪಿಎಚ್‌ಪಿ 8, ಹಳೆಯ ಶೈಲಿಯ ಹಲವು ಬರವಣಿಗೆಯನ್ನು ಒಪ್ಪುವುದಿಲ್ಲ. ಹಿಂದೆ ಎಚ್ಚರಿಕೆಯಷ್ಟೇ ಕೊಟ್ಟು ಮುಂದೆ ಹೋಗುತ್ತಿದ್ದ ಕೆಲವು ತಪ್ಪುಗಳಿಗೆ ಈಗ ಸೈಟ್ ನಿಂತೇ ಹೋಗುತ್ತದೆ.

2019ರ ವರ್ಡ್‌ಪ್ರೆಸ್ 5.2 ಆವೃತ್ತಿಯಿಂದ ಇದಕ್ಕೊಂದು ರಕ್ಷಣೆ ಇದೆ. ಪ್ಲಗಿನ್ ಕೈಕೊಟ್ಟರೆ ಅಡ್ಮಿನ್ ಇಮೇಲ್‌ಗೆ ಒಂದು ಲಿಂಕ್ ಬರುತ್ತದೆ. ಅದನ್ನು ಒತ್ತಿ ಒಳಹೋಗಿ ಪ್ಲಗಿನ್ ನಿಲ್ಲಿಸಬಹುದು. ಆದರೆ ಆ ಇಮೇಲ್ ಹಿಂದಿನ ಸಮಿತಿಯ ಕಾರ್ಯದರ್ಶಿಯದ್ದಾಗಿದ್ದರೆ? ಲಿಂಕ್ ಅವರಿಗೇ ಹೋಗುತ್ತದೆ. ಆದ್ದರಿಂದ ಸಮಿತಿ ಬದಲಾದಾಗಲೆಲ್ಲ ಅಡ್ಮಿನ್ ಇಮೇಲ್ ಕೂಡ ಬದಲಾಗಬೇಕು. ಇಮೇಲ್ ಸಿಗದಿದ್ದರೆ ಹೋಸ್ಟಿಂಗ್ ಖಾತೆಯ ಫೈಲ್ ಮ್ಯಾನೇಜರ್‌ಗೆ ಹೋಗಿ, ಪ್ಲಗಿನ್‌ಗಳ ಫೋಲ್ಡರ್‌ನಲ್ಲಿ ಆ ಪ್ಲಗಿನ್ನಿನ ಹೆಸರು ಬದಲಿಸಿದರೆ ಅದು ನಿಂತು ಸೈಟ್ ಮತ್ತೆ ತೆರೆದುಕೊಳ್ಳುತ್ತದೆ.

ಜನಪ್ರಿಯವಾದದ್ದೂ ಸುರಕ್ಷಿತವೆಂದಲ್ಲ

2024ರ ಜುಲೈನಲ್ಲಿ ವರ್ಡ್‌ಫೆನ್ಸ್ ಭದ್ರತಾ ಸಂಸ್ಥೆ, ಮಾಡರ್ನ್ ಈವೆಂಟ್ಸ್ ಕ್ಯಾಲೆಂಡರ್ ಎಂಬ ಪ್ಲಗಿನ್‌ನಲ್ಲಿನ ಗಂಭೀರ ದೋಷವನ್ನು ಬಹಿರಂಗಪಡಿಸಿತು. ಒಂದೂವರೆ ಲಕ್ಷ ಸೈಟ್‌ಗಳಲ್ಲಿ ಈ ಪ್ಲಗಿನ್ ಇತ್ತು. ಕಾರ್ಯಕ್ರಮಕ್ಕೆ ಚಿತ್ರ ಸೇರಿಸುವ ಜಾಗದಲ್ಲಿ, ಬಂದ ಫೈಲ್ ನಿಜಕ್ಕೂ ಚಿತ್ರವೇ ಎಂದು ಅದು ಪರಿಶೀಲಿಸುತ್ತಿರಲಿಲ್ಲ. ಸೈಟ್‌ನಲ್ಲಿ ಸಾಮಾನ್ಯ ಖಾತೆ ಇದ್ದವರೂ ದುರುದ್ದೇಶದ ಫೈಲ್ ಹಾಕಿ ಸೈಟ್ ವಶಪಡಿಸಿಕೊಳ್ಳಲು ಅವಕಾಶವಿತ್ತು. 7.12.0 ಆವೃತ್ತಿಯಲ್ಲಿ ಇದನ್ನು ಸರಿಪಡಿಸಲಾಯಿತು. ಅಪ್‌ಡೇಟ್ ಮಾಡದವರಿಗೆ ಅಪಾಯ ಹಾಗೇ ಉಳಿಯಿತು. ಸದಸ್ಯರ ಹೆಸರು, ಫೋನ್ ನಂಬರ್ ಇಟ್ಟುಕೊಂಡಿರುವ ಸಂಘಗಳಿಗೆ ಇದು ಸಣ್ಣ ವಿಷಯವಲ್ಲ.

ಇನ್‌ಸ್ಟಾಲ್ ಮಾಡುವ ಮುನ್ನ ಗಮನಿಸಿ

* ಕೊನೆಯ ಅಪ್‌ಡೇಟ್ ಯಾವಾಗ? ಇತ್ತೀಚಿನ ಮೂರು ಪ್ರಮುಖ ಆವೃತ್ತಿಗಳಲ್ಲಿ ಪರೀಕ್ಷಿಸದ ಪ್ಲಗಿನ್ ಪುಟದ ಮೇಲೆ ವರ್ಡ್‌ಪ್ರೆಸ್ ತಾನೇ ಎಚ್ಚರಿಕೆ ಹಾಕುತ್ತದೆ. ಅಂಥದ್ದನ್ನು ಬಿಟ್ಟುಬಿಡಿ.
* ಸ್ಟಾರ್‌ಗಳನ್ನಷ್ಟೇ ನೋಡಬೇಡಿ. ಒಂದು ಸ್ಟಾರ್ ಕೊಟ್ಟವರು ಏನು ಬರೆದಿದ್ದಾರೆ, ಅದಕ್ಕೆ ತಯಾರಕರು ಉತ್ತರಿಸಿದ್ದಾರೆಯೇ ಎಂದು ಓದಿ.
* ಮೊದಲು ಬ್ಯಾಕಪ್, ಆಮೇಲೆ ಇನ್‌ಸ್ಟಾಲ್. ಸಾಧ್ಯವಾದರೆ ಸೈಟ್‌ನ ನಕಲು ಪ್ರತಿಯಲ್ಲಿ ಪರೀಕ್ಷಿಸಿ.
* ಒಂದು ಕಾರ್ಯಕ್ರಮ ಹಾಕಿ, ಬೇರೆಯವರ ಮೊಬೈಲ್‌ನಲ್ಲಿ ಸಮಯ ಸರಿ ಇದೆಯೇ ನೋಡಿ.
* ಮಾಹಿತಿಯನ್ನು ಐಕ್ಯಾಲೆಂಡರ್ ಅಥವಾ ಸಿಎಸ್‌ವಿ ಫೈಲ್ ಆಗಿ ಹೊರತೆಗೆಯಲು ಉಚಿತ ಆವೃತ್ತಿಯಲ್ಲೇ ಅವಕಾಶವಿದೆಯೇ ಪರಿಶೀಲಿಸಿ.

ಇವುಗಳಲ್ಲಿ ಕೊನೆಯದೇ ಮುಖ್ಯ. ಕೆಲವು ಪ್ಲಗಿನ್‌ಗಳು ಹಾಕಿದ ಮಾಹಿತಿಯನ್ನು ತಮ್ಮದೇ ರೀತಿಯಲ್ಲಿ ಬಚ್ಚಿಡುತ್ತವೆ. ಡಿಲೀಟ್ ಮಾಡಿದರೆ ಕೆಲವೊಮ್ಮೆ ಎಲ್ಲವೂ ಅಳಿಸಿಹೋಗುತ್ತದೆ. ಯಾವ ವರ್ಷ ಯಾವ ನಾಟಕ ಆಡಿದರು, ಯಾರು ಅತಿಥಿಯಾಗಿ ಬಂದಿದ್ದರು ಎಂಬ ಸಂಘದ ಚರಿತ್ರೆಯೇ ಅದರ ಜೊತೆಗೆ ಹೋದಂತೆ.

ತಿಂಗಳಿಗೆ ಒಂದೆರಡೇ ಕಾರ್ಯಕ್ರಮವಿದ್ದರೆ ಪ್ಲಗಿನ್‌ನ ಗೊಡವೆಯೇ ಬೇಡ. ದಿನಾಂಕ, ಸಮಯ, ಸ್ಥಳ ಬರೆದ ಒಂದು ಸರಳ ಪುಟ ಸಾಕು. ಅಥವಾ ಸಂಘದ ಹೆಸರಿನಲ್ಲೇ ಖಾತೆ ತೆರೆದು ಗೂಗಲ್ ಕ್ಯಾಲೆಂಡರ್ ಅನ್ನು ಪುಟದಲ್ಲಿ ಜೋಡಿಸಬಹುದು. ನೋಡಲು ಅಷ್ಟೇನೂ ಚೆನ್ನಾಗಿರದಿದ್ದರೂ ಸಂಜೆ 6 ಗಂಟೆ ಎಂದು ಹಾಕಿದ್ದು 6 ಗಂಟೆ ಎಂದೇ ಕಾಣಿಸುತ್ತದೆ. ಸಭಾಂಗಣಕ್ಕೆ ಬರುವವರಿಗೆ ಬೇಕಿರುವುದು ಅದೇ.