ನಾವು ಹೊಯ್ದ ಒಂದೇ ಪದರ

ಕಳೆದ ಮೇ ತಿಂಗಳ ರಜೆಯಲ್ಲಿ ಗೋವೆಗೆ ಹೋಗಿದ್ದಾಗ ನಾವು ಬೆಬಿಂಕಾ ಮಾಡಲು ಕಲಿಸುವ ತರಗತಿಯೊಂದಕ್ಕೆ ಹಣ ತೆತ್ತು ಸೇರಿದೆವು. ಅದಕ್ಕೊಂದು ಕಾರಣವಿತ್ತು. ಗೋವೆಯಲ್ಲಿ ಹುಟ್ಟಿ ನಮ್ಮೂರಿಗೆ ಸೊಸೆಯಾಗಿ ಬಂದ ಅಜ್ಜಿಯೊಬ್ಬರು ಪ್ರತಿ ಕ್ರಿಸ್ಮಸ್ಸಿಗೂ ಈ ಸಿಹಿಯನ್ನು ಮಾಡಿ ಹಂಚುತ್ತಿದ್ದರು. ಕೈನಡುಕದಿಂದಾಗಿ ಎರಡು ವರ್ಷಗಳಿಂದ ಅದು ನಿಂತಿದೆ. ಒಮ್ಮೆಯಾದರೂ ಅವರಿಗೆ ನಮ್ಮ ಕೈಯಾರೆ ಮಾಡಿ ಕೊಡಬೇಕೆಂಬುದು ನಮ್ಮ ಆಸೆಯಾಗಿತ್ತು.

ಬೆಬಿಂಕಾಗೆ ಬೇಕಾದ ಸಾಮಗ್ರಿಗಳು ಕೆಲವೇ: ತೆಂಗಿನ ಹಾಲು, ಮೊಟ್ಟೆಯ ಹಳದಿ, ಸಕ್ಕರೆ, ಮೈದಾ, ತುಪ್ಪ, ಜಾಯಿಕಾಯಿ. ಆದರೆ ಸಂಪ್ರದಾಯದಂತೆ ಏಳು ಪದರಗಳಿರಬೇಕು. ಒಂದು ಪದರ ಹೊಯ್ದು, ಮೇಲಿನಿಂದ ಕೆಂಡದ ಕಾವು ಕೊಟ್ಟು, ಅದು ಕೆಂಪಾದ ಬಳಿಕ ತುಪ್ಪ ಸವರಿ ಮುಂದಿನದನ್ನು ಹೊಯ್ಯಬೇಕು. ಅವಸರಪಟ್ಟರೆ ಪದರಗಳು ಒಂದರೊಳಗೊಂದು ಕಲಸಿಹೋಗುತ್ತವೆ, ಮೈಮರೆತರೆ ಸೀದುಹೋಗುತ್ತವೆ. 2023ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಈ ಸಿಹಿಯ ಹಿರಿಮೆಯೆಲ್ಲ ಆ ಕಾಯುವಿಕೆಯಲ್ಲಿದೆ.

ನಮ್ಮ ತರಗತಿಯಾದರೋ ಒಂದೂವರೆ ಗಂಟೆಯದು. ಹಿಟ್ಟು ಮೊದಲೇ ಕಲಸಿಟ್ಟಿತ್ತು. ತೆಂಗಿನ ಹಾಲು ಪೊಟ್ಟಣದಿಂದ ಬಂದಿತ್ತು. ತಲಾ ಒಂದು ಸೌಟಿನಂತೆ ಹೊಯ್ದೆವು. ತಟ್ಟೆಗಳು ವಿದ್ಯುತ್ ಒಲೆಯೊಳಗೆ ಮರೆಯಾದವು. ಛಾಯಾಚಿತ್ರ ತೆಗೆದರು, ಪ್ರಮಾಣಪತ್ರ ಕೊಟ್ಟರು. ಬಳಿಕ ಬೇಕರಿಯ ಬೆಬಿಂಕಾವನ್ನು ಡಬ್ಬಿಯಲ್ಲಿಟ್ಟು ಕೈಗಿತ್ತರು. ನಾವು ಹೊಯ್ದದ್ದು ಬೆಂದಿತೇ ಎಂದು ನೋಡಲೂ ಸಮಯವಿರಲಿಲ್ಲ. ಮುಂದಿನ ತಂಡ ಆಗಲೇ ಬಾಗಿಲಲ್ಲಿ ನಿಂತಿತ್ತು.

ಮೋಸಹೋದೆವೆಂದು ಮೊದಲು ಸಿಟ್ಟು ಬಂದಿತು. ಆದರೆ ಸಂಜೆಯನ್ನು ಕಡಲತೀರಕ್ಕೆಂದು ಮೀಸಲಿಟ್ಟು, ಇದ್ದುದರಲ್ಲೇ ಚಿಕ್ಕ ತರಗತಿಯನ್ನು ಆರಿಸಿಕೊಂಡವರು ನಾವೇ ಅಲ್ಲವೇ? ಕೌಶಲವು ಮಾಡುವುದರಿಂದಲೇ ಸಿದ್ಧಿಸುತ್ತದೆ ಎಂಬ ಅರಿಸ್ಟಾಟಲನ ವಿಚಾರವನ್ನು ಹಿಂದೆ ಪರೀಕ್ಷೆಗಾಗಿ ಓದಿದ್ದೆವು. ಆದರೂ ದುಡ್ಡು ಕೊಟ್ಟು ಅದನ್ನು ಬೇಗನೆ ಪಡೆಯಹೊರಟಿದ್ದೆವು.

ಊರಿಗೆ ಮರಳಿ ಡಬ್ಬಿಯನ್ನು ಅಜ್ಜಿಯ ಮುಂದಿಟ್ಟೆವು. ಒಂದು ಚೂರು ಬಾಯಿಗಿಟ್ಟು ಅವರು ಕೇಳಿದರು: "ಇದರಲ್ಲಿ ನೀವು ಹೊಯ್ದ ಪದರ ಯಾವುದು, ಫಾದರ್?"

"ಒಂದೂ ಇಲ್ಲ, ಅಮ್ಮ."

ಅವರು ನಕ್ಕರು. "ಹಾಗಾದರೆ ಶನಿವಾರ ಬೆಳಿಗ್ಗೆ ಬನ್ನಿ. ಕೈ ನಿಮ್ಮದು, ಕಣ್ಣು ನನ್ನದು."

ಆ ಶನಿವಾರ ಅವರ ಅಡುಗೆಮನೆಯಲ್ಲಿ ಎರಡನೆಯ ಪದರ ಸೀದಿತು, ನಾಲ್ಕನೆಯದು ಓರೆಯಾಯಿತು. ಅಜ್ಜಿ ಗದರಿದರು, ಕಾಯಿಸಿದರು, ನಡುನಡುವೆ ತಮ್ಮ ತಾಯಿಯ ಒಲೆಯ ಕತೆ ಹೇಳಿದರು. ಏಳನೆಯ ಪದರ ಕೆಂಪಾಗುವಾಗ ಹೊತ್ತು ಇಳಿದಿತ್ತು. ನೋಡಲು ಅದು ಬೇಕರಿಯದರಷ್ಟು ಚೆಂದವಿರಲಿಲ್ಲ. ಆದರೆ ಅಜ್ಜಿ ಎರಡು ತುಂಡು ತಿಂದರು.